ಉಲ್ಟಾ ಭಿಸ್ತಿಯ ಮಿಸ್ತ್ರಿ

ಭಿಸ್ತಿ ಅಂದರೆ ಆಗ ಬೀದರದ ಕೂಸಿಗೂ ಗೊತ್ತಿತ್ತು. ಆಡಿನ ಚರ್ಮದ ಮಶಕ ಬೆನ್ನಿಗೆ ಹೊತ್ತು, ಬಾವಿಯ ನೀರು ತುಂಬಿ ತಂದು, ಕಚೇರಿಯ ಅಂಗಳಕ್ಕೂ ರಸ್ತೆಯ ಧೂಳಿಗೂ ಚಿಮುಕಿಸುವವನು. ದೊಡ್ಡ ಬಾವಿಯ ಬದಿಗಿದ್ದ ಬಡೀ ಬಾವಲಿ ದವಾಖಾನೆಗೆ ಹೈದರಾಬಾದಿನಿಂದ ಒಂದು ಯಂತ್ರ ಬಂದಾಗ, ಅದು ನೀರು ಚೆಲ್ಲುವುದಿಲ್ಲ, ಚೆಲ್ಲಿದ ನೀರನ್ನೇ ಕುಡಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಜನ ಅದಕ್ಕೆ ಉಲ್ಟಾ ಭಿಸ್ತಿ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಮೂರು ಗಾಲಿಯ ಮೇಲೆ ಒಂದು ಕಬ್ಬಿಣದ ಡ್ರಮ್ಮು, ಅದರ ತಲೆಯ ಮೇಲೆ ಮೋಟಾರು, ಹೊಟ್ಟೆಯಿಂದ ಹೊರಟ ದಪ್ಪ ರಬ್ಬರ್ ಪೈಪು, ಪೈಪಿನ ತುದಿಗೆ ಅಗಲವಾದ ಚಪ್ಪಟೆ ಬಾಯಿ. ಯುದ್ಧ ಮುಗಿದ ಮೇಲೆ ಬೊಲಾರಮ್ಮಿನ ಗೋರಾ ಪಲ್ಟಣದವರು ಬಿಟ್ಟುಹೋದ ಸಾಮಾನಿನ ಹರಾಜಿನಲ್ಲಿ ಯಾವನೋ ಅಧಿಕಾರಿ ಅದನ್ನು ಕೊಂಡು, ಯಾತಕ್ಕೆಂದು ತಿಳಿಯದೆ ಬೀದರಕ್ಕೆ ಸಾಗಹಾಕಿದ್ದ. ಬಂದ ಮೇಲೆ ಅದು ಉಪಕಾರಿಯೇ ಆಯಿತು. ಹೆರಿಗೆ ವಾರ್ಡಿನ ಶಹಾಬಾದಿ ಕಲ್ಲಿನ ಫರಸಿಯನ್ನು ಸೋಡಾಪುಡಿಯ ನೀರು ಹಾಕಿ ತೊಳೆದರೆ ಆ ನೀರು ಹಾಗೇ ನಿಂತಿರುತ್ತಿತ್ತು, ಬಾಣಂತಿಯರು ಗೋಡೆ ಹಿಡಿದು ನಡೆಯಬೇಕಿತ್ತು. ಉಲ್ಟಾ ಭಿಸ್ತಿ ಒಂದು ಸುತ್ತು ಹಾಕಿತೆಂದರೆ ಫರಸಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಒಣಗುತ್ತಿತ್ತು.

ಅದರ ಮಿಸ್ತ್ರಿ ಲಾಲ ಅಹ್ಮದ. ಅವನ ಕೈಕೆಳಗಿನ ಮದದಗಾರ, ಅಂದರೆ ಸಹಾಯಕ, ನರಸಿಂಗ.

ನರಸಿಂಗ ಔರಾದ ತಾಲೂಕಿನ ಎಕಂಬಾದವನು. ಊರಿನ ಸತ್ತ ದನ ಎಳೆಯುವುದು, ಓಣಿ ಗುಡಿಸುವುದು, ಪಾಟೀಲರ ವಾಡೆಯಲ್ಲಿ ಮದುವೆ ಮುಗಿದ ಮೇಲೆ ಎಂಜಲೆಲೆ ಎತ್ತುವುದು, ಇವೆಲ್ಲ ಅವನ ಕೇರಿಗೆ ಹುಟ್ಟಿನಿಂದ ಬಂದ ಹಕ್ಕು ಎಂದು ಊರು ಹೇಳುತ್ತಿತ್ತು. ಹಕ್ಕು ಎಂಬ ಶಬ್ದವನ್ನು ಇಷ್ಟು ಹೊಲಸಾಗಿ ಬಳಸಿದ ನಾಡು ಇನ್ನೊಂದಿದ್ದರೆ ಯಾರಾದರೂ ತೋರಿಸಲಿ. ಆ ಹಕ್ಕನ್ನು ಬಿಟ್ಟು ಅವನು ಬೀದರಕ್ಕೆ ಓಡಿಬಂದ. ದವಾಖಾನೆಯ ಬಾಗಿಲಲ್ಲಿ ಕೆಲಸ ಕೇಳಿದಾಗ ಲಾಲ ಅಹ್ಮದ ಅವನ ಊರು ಕೇಳಲಿಲ್ಲ, ಕೇರಿ ಕೇಳಲಿಲ್ಲ.

“ಸ್ಕ್ರೂ ಯಾವ ಕಡಿ ತಿರುವಿದ್ರ ಬಿಗಿ ಆಗ್ತದ?” ಎಂದು ಕೇಳಿದ.

“ಗೊತ್ತಿಲ್ರಿ. ಒಂದ್ಸಲ ತಿರುವಿ ನೋಡಿ ಹೇಳ್ತೇನಿ.”

“ಬಸ್, ನೀ ನಡೀತಿ. ಗೊತ್ತದ ಅಂದವ್ರೆಲ್ಲ ಮುರಿದು ಹೋಗ್ಯಾರ.”

ಅಂದಿನಿಂದ ನರಸಿಂಗ ಆ ಯಂತ್ರದ ಜೋಡಿ ಬೆಳೆದ. ಕೆಟ್ಟ ಯಂತ್ರವನ್ನು ಹೇಗೆ ನೋಡಬೇಕೆಂದು ಲಾಲ ಅಹ್ಮದ ಹೇಳಿಕೊಟ್ಟದ್ದು ಅವನಿಗೆ ಪಾಠಕ್ಕಿಂತ ಹೆಚ್ಚಾಗಿ ನಾಲಿಗೆಯ ರುಚಿಯಾಗಿಬಿಟ್ಟಿತು. “ಮಿಶಿನ ನೀರ ಕುಡೀಲಿಲ್ಲ ಅಂದ್ರ ಮೋಟಾರಿನ ಮ್ಯಾಲ ಸಂಶೇ ತಗೋಬ್ಯಾಡ. ಪೈಲೆ ಬಾಯಿ ನೋಡು, ಆಮ್ಯಾಲ ಗಂಟಲ, ಆಮ್ಯಾಲ ಹೊಟ್ಟಿ. ತಲಿ ಆಖರಿಗಿ. ಡಾಕ್ಟರ ಸಾಹೇಬ್ರೂ ಹಿಂಗೇ ಮಾಡ್ತಾರ, ಖರೆ ಅವ್ರಿಗಿ ಪಗಾರ ಜಾಸ್ತಿ.”

ಬಾಯಿಗೆ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಗಂಟಲಿನ ರಬ್ಬರು ಬಿರುಕು ಬಿಟ್ಟರೆ ಗಾಳಿ ಅಲ್ಲೇ ಸೋರಿ ಯಂತ್ರ ಬರೇ ಬುಸುಗುಟ್ಟುತ್ತಿತ್ತು; ಮಶಕ ಹೊಲಿಯುವವನಿಂದ ಚರ್ಮದ ಪಟ್ಟಿ ತಂದು ಸುತ್ತಬೇಕು. ಡ್ರಮ್ಮಿನ ಮುಚ್ಚಳದ ಕೆಳಗಿನ ರಬ್ಬರ್ ಬಳೆ ಸವೆದರೆ ಸೈಕಲ್ಲಿನ ಹಳೆ ಟ್ಯೂಬು ಕತ್ತರಿಸಿ ಕೂರಿಸಬೇಕು. ಹೊಟ್ಟೆಯೊಳಗೆ ಒಂದು ತಂತಿಯ ಪಂಜರ, ಪಂಜರದಲ್ಲಿ ಬೆಂಡಿನ ಚೆಂಡು. ನೀರು ಏರಿದ ಹಾಗೆ ಚೆಂಡು ತೇಲಿ ಮೇಲೇರಿ, ಮೋಟಾರಿಗೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಆ ಚೆಂಡಿಗೆ ಕೂದಲು ಸುತ್ತಿ ಅಂಟಿಕೊಂಡಿತೋ, ನೀರು ಸೀದಾ ತಲೆಗೆ ಹತ್ತಿ ಮೋಟಾರು ಸುಟ್ಟಿತು. ಸಾಬೂನಿನ ನೊರೆ ಇನ್ನೂ ಕಪಟಿ. ಚೆಂಡನ್ನು ಎತ್ತದೆ ಪಕ್ಕದಿಂದ ನುಸುಳುತ್ತದೆ. ಅದಕ್ಕೆ ಡ್ರಮ್ಮಿಗೆ ಮೊದಲೇ ಒಂದು ಚಮಚ ಕುಸುಬಿ ಎಣ್ಣೆ. ಮೋಟಾರಿಗೆ ಕರೆಂಟು ದಾಟಿಸುವ ಇದ್ದಿಲು ತುಂಡುಗಳು ಸವೆದರೆ ಸತ್ತ ಬ್ಯಾಟರಿ ಸೆಲ್ಲು ಒಡೆದು ಒಳಗಿನ ಕಡ್ಡಿ ತೆಗೆದು, ಕಲ್ಲಿಗೆ ತೇಯ್ದು ಅಳತೆಗೆ ತರಬೇಕು. ಕೆಲಸ ಮುಗಿದ ಮೇಲೆ ಡ್ರಮ್ಮು ತೊಳೆದು ಬಾಯಿ ತೆರೆದಿಡಬೇಕು, ಇಲ್ಲದಿದ್ದರೆ ಮರುದಿನ ಹೆಣದ ವಾಸನೆ.

ವಾರ್ಡಿನ ನರ್ಸಮ್ಮ ಸಲೋಮಿ, ಮಿಶನ್ ಸಾಲಿಯಲ್ಲಿ ಓದಿದವಳು, “ನರಸಿಂಗಣ್ಣ, ನಿನ್ನ ಭಿಸ್ತಿಗಿ ನೀರಡಿಕಿ ಆಗ್ಯಾದೇನು? ಇಲ್ಲಿ ಒಂದು ಕೆರಿ ಅದ ಬಾ,” ಎಂದು ಕೂಗುತ್ತಿದ್ದಳು. ಅವಳೇ ಕೈಹಚ್ಚಿ ಯಂತ್ರವನ್ನು ಹೊಸ್ತಿಲು ದಾಟಿಸುತ್ತಿದ್ದಳು. ರೋಗಿಗಳ ಮನೆಯವರೂ ಪೈಪು ಎತ್ತಿಕೊಡುತ್ತಿದ್ದರು. ಎಕಂಬಾದಲ್ಲಿ ಇವನ ನೆರಳಿಗೆ ಸರಿಯುತ್ತಿದ್ದ ಜಾತಿಯ ಮುದುಕರು ಇಲ್ಲಿ ಇವನನ್ನು ಮಿಸ್ತ್ರಿ ಎಂದು ಕರೆದು ದಾರಿ ಬಿಡುತ್ತಿದ್ದರು. ಯಂತ್ರಕ್ಕೆ ಜಾತಿ ಇರಲಿಲ್ಲ; ಅದನ್ನು ಹಿಡಿದ ಕೈಗೂ ಇಲ್ಲವೇನೋ ಎಂದು ಜನ ಮರೆತಿದ್ದರು.

ಐವತ್ತಾರನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಹೈದರಾಬಾದ ರಾಜ್ಯ ಮೂರು ಹೋಳಾಯಿತು. ಉದಗೀರ ಮುಂಬಯಿಗೆ ಹೋಯಿತು, ಜಹೀರಾಬಾದ ಆಂಧ್ರಕ್ಕೆ ಹೋಯಿತು, ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದವು. ಕನ್ನಡ ತಾಯಿಯ ಮಡಿಲಿಗೆ ಮರಳಿದೆವು ಎಂದು ಊರಿನ ಚೌಕಗಳಲ್ಲಿ ಭಾಷಣಗಳಾದವು. ಮಡಿಲು ಇದ್ದದ್ದು ನಿಜ. ಯಾರನ್ನು ಮಡಿಲಲ್ಲಿ ಕೂರಿಸಬೇಕು, ಯಾರನ್ನು ಕಾಲ ಬಳಿ ಕೂರಿಸಬೇಕು ಎಂಬುದು ತಾಯಿಯ ಮನೆಯಲ್ಲೂ ಮೊದಲೇ ತೀರ್ಮಾನವಾಗಿತ್ತು ಅಷ್ಟೇ.

ಲಾಲ ಅಹ್ಮದ ಹೈದರಾಬಾದನ್ನೇ ಆರಿಸಿಕೊಂಡ. ಅವನ ಮಕ್ಕಳು ಅಲ್ಲಿದ್ದರು, ಅವನ ಉರ್ದು ಅಲ್ಲಿತ್ತು. ಹೊರಡುವ ದಿನ ಸ್ಕ್ರೂ ತಿರುವುವ ಸಲಕರಣೆಗಳ ಚೀಲವನ್ನು ನರಸಿಂಗನ ಕೈಗಿಟ್ಟು, “ಈಗ ನೀ ಮಿಸ್ತ್ರಿ. ಯಾರ ಕೇಳಿದ್ರೂ ಮಿಸ್ತ್ರಿ ಅನ್ನು. ಮದದಗಾರ ಅನಬ್ಯಾಡ. ಸರಕಾರ ಬದ್ಲಾಗೋ ಹೊತ್ತಿನಾಗ ಬಾಯಾಗಿಂದ ಏನು ಬೀಳ್ತದೋ ಅದೇ ಆಗ್ತೀವಿ,” ಎಂದ. ದವಾಖಾನೆಯ ಸಂಡಾಸ ತೊಳೆಯುತ್ತಿದ್ದ ಖಾಕರೂಬನೂ ಅದೇ ವಾರ ಉದಗೀರಕ್ಕೆ ತನ್ನವರ ಕಡೆ ಹೊರಟುಹೋದ. ಅದನ್ನು ಆಗ ಯಾರೂ ಗಮನಿಸಲಿಲ್ಲ. ಅಂಥವನು ಇರುವಾಗಲೂ ಯಾರು ಗಮನಿಸಿದ್ದರು?

ಮೈಸೂರು ಕಡೆಯಿಂದ ಬಂದ ಹೊಸ ಮೇಲಧಿಕಾರಿ ಶ್ರೀಕಂಠಯ್ಯ. ಕೆಟ್ಟ ಮನುಷ್ಯ ಅಲ್ಲ. ಬೈಯುತ್ತಿರಲಿಲ್ಲ, ಲಂಚ ಮುಟ್ಟುತ್ತಿರಲಿಲ್ಲ, ಎಲ್ಲರನ್ನೂ ‘ಅಪ್ಪ’ ಎಂದೇ ಮಾತಾಡಿಸುತ್ತಿದ್ದರು. ಅವರು ವರಾಂಡದಲ್ಲಿ ಮೇಜು ಹಾಕಿಕೊಂಡು ನೌಕರರನ್ನು ಒಬ್ಬೊಬ್ಬರನ್ನೇ ಕರೆದರು. ಪಕ್ಕದಲ್ಲಿ ಚಪರಾಸಿ ಕಾಶೀರಾಮ ನಿಂತು, ಬೀದರದ ಮಾತನ್ನು ಮೈಸೂರಿನ ಕಿವಿಗೆ ತಲುಪಿಸುತ್ತಿದ್ದ.

“ಏನಪ್ಪ ನಿನ್ನ ಕೆಲಸ?”

“ಮಿಸ್ತ್ರಿ ಅದೀನ್ರಿ ಸಾಹೇಬ್ರ. ಉಲ್ಟಾ ಭಿಸ್ತಿದು.”

“ಭಿಸ್ತಿ ಅಂದ್ರೆ ನೀರು ಹೊರೋನಲ್ವಾ?”

“ಹೊರೋದಲ್ರಿ. ಕುಡಿಸೋದು.”

ಶ್ರೀಕಂಠಯ್ಯ ಕಾಶೀರಾಮನ ಮುಖ ನೋಡಿದರು. “ಫರಸಿ ಸಾಫ್ ಮಾಡೋ ಒಂದು ಮಿಶಿನ ಅದರಿ. ಅದನ್ನ ನಡಸ್ತಾನ,” ಎಂದ ಕಾಶೀರಾಮ.

“ಹಾಗನ್ನು. ನೋಡಪ್ಪ, ಆಸ್ಪತ್ರೆಗೆ ಮಿಸ್ತ್ರಿ ಅನ್ನೋ ಹುದ್ದೆ ನಮ್ಮಲ್ಲಿಲ್ಲ. ಇಲ್ಲದ ಹುದ್ದೇಲಿ ನಿನ್ನನ್ನ ಹೇಗೆ ಇಟ್ಕೊಳ್ಳಲಿ? ಜಾಡಮಾಲಿ ಹುದ್ದೆ ಒಂದು ಖಾಲಿ ಇದೆ. ಖಾಯಂ ಆಗುತ್ತೆ. ಹಿತ್ತಲ ಖೋಲಿನೂ ನಿಂಗೇ. ಒಪ್ಪಿಗೇನಾ?”

ನರಸಿಂಗನ ಕಿವಿಗೆ ಬಿದ್ದದ್ದು ಝಾಡಮಾಳಿ.

ಬೀದರದಲ್ಲಿ ಝಾಡ ಅಂದರೆ ಗಿಡ. ಮರಾಠಿಯವನಿಗೂ ಗಿಡ, ದಖನಿ ಆಡುವವನಿಗೂ ಗಿಡ. ಮಾಳಿ ಅಂದರೆ ಹೂದೋಟದವನು. ಸಂಡಾಸ ಬಳಿಯುವವನಿಗೆ ನಿಜಾಮನ ಸರ್ಕಾರ ಖಾಕರೂಬ ಎನ್ನುತ್ತಿತ್ತು, ಊರು ಮೆಹತರ ಎನ್ನುತ್ತಿತ್ತು. ಜಾಡಮಾಲಿ ಎಂಬ ಶಬ್ದ ಆ ಗಳಿಗೆಯವರೆಗೆ ಬೀದರದ ಗಾಳಿಯಲ್ಲಿ ಸುಳಿದಿರಲಿಲ್ಲ. ಕಾಶೀರಾಮನೂ ಗಿಡ ಎಂದೇ ಕೇಳಿಸಿಕೊಂಡ. ಹೊಟ್ಟೆಕಿಚ್ಚಿನಿಂದ ಅವನ ಮುಖ ಸಣ್ಣದಾಯಿತು.

“ಮಿಶಿನ ಯಾರ ನೋಡ್ತಾರ್ರಿ?” ಎಂದು ನರಸಿಂಗ ಕೇಳಿದ.

“ಅದನ್ನೂ ನೀನೇ ನೋಡ್ಕೊಳ್ಳಪ್ಪ.”

“ಹಂಗಾರ ಹೂಂ ರೀ,” ಎಂದ ನರಸಿಂಗ.

ಆ ಹೂಂ ಅವನ ಕೊರಳಿಗೆ ಬಿದ್ದ ಹಗ್ಗ. ಆದರೆ ಹೊರಗೆ ಬಂದಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಎಕಂಬಾದಲ್ಲಿ ಅವನ ತಾಯಿ ಕೌಸಲ್ಯಾಬಾಯಿ ಒಮ್ಮೆ ಮಾಳಿಯ ಚೆಂಡುಹೂವಿನ ಹೊಲದ ಬದುವಿನ ಮೇಲೆ ನಡೆದಳೆಂದು, ದೇವರಿಗೆ ಹೋಗುವ ಹೂವು ಮೈಲಿಗೆಯಾಯಿತೆಂದು, ಅವಳ ತಲೆಯ ಹುಲ್ಲಿನ ಹೊರೆಯನ್ನು ಬಿಚ್ಚಿ ಹಳ್ಳಕ್ಕೆ ಒಗೆದಿದ್ದರು. ಅವಳ ಮಗ ಈಗ ಸರ್ಕಾರಿ ಮಾಳಿ.

ಹೆಂಡತಿ ಶಾಲುಬಾಯಿ ಭಾಲ್ಕಿ ತಾಲೂಕಿನ ಮೆಹಕರದವಳು, ದಿನ ತುಂಬಿದ ಬಸುರಿ. ಅವಳ ಅಣ್ಣ ಆ ದಸರೆಗೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಬಂದವನೇ ಇವರನ್ನೂ ಕೂರಿಸಿಕೊಂಡು, ಊರಿನ ಹೊಲಸು ಇನ್ನು ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಹೇಳಿಸಿದ್ದ. ಎಕಂಬಾದ ಕೇರಿಯವರೂ ಸತ್ತ ದನ ಎಳೆಯುವುದಿಲ್ಲ ಎಂದಿದ್ದರು. ಊರು ಅವರಿಗೆ ಅಂಗಡಿ, ಗಿರಣಿ, ಬಾವಿಯ ದಾರಿ ಎಲ್ಲ ಬಂದ್ ಮಾಡಿತ್ತು. ಹಾಗಾಗಿ ಗಂಡನ ಸುದ್ದಿ ಕೇಳಿ ಶಾಲುಬಾಯಿ ನಗಲಿಲ್ಲ.

“ಸರಕಾರ ನಮ್ಗ ಹೂವಿನ ಕೆಲ್ಸಾ ಕೊಡ್ತದಂತ? ಇನ್ನೊಮ್ಮಿ ಕೇಳ್ಕೊಂಡು ಬರ್ರಿ.”

“ಸಾಹೇಬ್ರು ಬಾಯಿ ಬಿಟ್ಟು ಹೇಳ್ಯಾರ. ಎರಡನೇ ಸಲ ಕೇಳಿದ್ರ ಮನಸ್ಸು ತಿರುಗ್ತದ.”

“ಖರೇ ಮಾತು ಎರಡನೇ ಸಲ ಕೇಳಿದ್ರ ತಿರುಗಲ್ರಿ,” ಎಂದಳು ಅವಳು. ಇವನು ಕೇಳಲು ಹೋಗಲಿಲ್ಲ.

ಮುಂದಿನ ಸೋಮವಾರ ನರಸಿಂಗ ತೊಳೆದ ಅಂಗಿ ಹಾಕಿ, ಸಲಿಕೆ ಸಂಪಾದಿಸಿ, ದವಾಖಾನೆಯ ಬೇವಿನ ಗಿಡದ ಸುತ್ತ ಚೆಂದಾಗಿ ಮಡಿ ತೋಡಿದ. ಬಾವಿಯಿಂದ ನೀರು ತಂದು ಹೊಯ್ದ. ಎರಡನೆಯ ಗಿಡಕ್ಕೆ ಹೋಗುವ ಹೊತ್ತಿಗೆ ಶ್ರೀಕಂಠಯ್ಯ ಬಂದರು.

“ಇದೇನಪ್ಪ ಮಾಡ್ತಿದೀಯಾ?”

“ಝಾಡಮಾಳಿ ಕೆಲ್ಸಾರಿ ಸಾಹೇಬ್ರ. ಇದು ಹಳೀ ಗಿಡ, ಬೇರು ಒಣಗ್ಯಾವ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು. ಕೆಟ್ಟ ನಗೆಯಲ್ಲ, ಮಗು ತಪ್ಪು ಓದಿದಾಗ ಮೇಷ್ಟ್ರು ನಗುತ್ತಾರಲ್ಲ, ಹಾಗೆ. “ಅಯ್ಯೋ ಪೆದ್ದೇ. ಜಾಡಮಾಲಿ ಅಂದ್ರೆ ಗುಡಿಸೋನು ಕಣಪ್ಪ. ಕಕ್ಕಸ್ಸು ತೊಳೆಯೋನು. ಅದು ನೋಡು, ಗುಂಡಿ ತುಂಬಿ ವಾಸನೆ ಹೊಡೀತಿದೆ. ಮೊದ್ಲು ಅಲ್ಲಿಗೆ ಹೋಗು.”

ಕಾಶೀರಾಮ ಕಂಬ ಹಿಡಿದು ನಕ್ಕ. ತಾನೂ ಅದನ್ನು ಗಿಡ ಎಂದೇ ತಿಳಿದಿದ್ದೆ ಎಂಬುದನ್ನು ಆ ನಗೆಯಲ್ಲಿ ಮುಳುಗಿಸಿಬಿಟ್ಟ. “ಏ ಗಿಡದ ಸಾಹೇಬಾ, ಗೊಬ್ಬರಕ್ಕೇನು ಕಡಿಮಿ ಇಲ್ಲ ಹೋಗೋ, ಗುಂಡಿ ತುಂಬ ಅದ.” ಆ ಹೆಸರು ಒಂದು ವಾರ ದವಾಖಾನೆ ತುಂಬ ಓಡಾಡಿತು. ಕನ್ನಡದ ಸರ್ಕಾರ ಕನ್ನಡದ ಮನುಷ್ಯನಿಗೆ ಕೊಟ್ಟ ಮೊದಲ ಕನ್ನಡ ಶಬ್ದ ಜಾಡಮಾಲಿ.

ನರಸಿಂಗ ಸಲಿಕೆಯನ್ನು ಗಿಡಕ್ಕೆ ಒರಗಿಸಿದ. “ನಾ ಈ ಕೆಲ್ಸಾ ಒಪ್ಪಿಲ್ರಿ. ನಾ ಒಪ್ಪಿದ್ದು ಗಿಡ.”

“ನಾನೇ ಕೇಳಿದೆ, ನೀನೇ ಹೂಂ ಅಂದೆ. ನಾಲ್ಕು ಜನ ಇದ್ರು. ಈಗ ಬೇಡ ಅಂದ್ರೆ ಅರ್ಜಿ ಕೊಡು, ಮೇಲಕ್ಕೆ ಕಳಿಸ್ತೀನಿ. ಬೆಂಗಳೂರಿಂದ ಉತ್ತರ ಬರೋ ತನಕ ಈ ಕೆಲಸ ಮಾಡ್ಬೇಕು. ಇಲ್ಲಾಂದ್ರೆ ಖೋಲಿ ಬಿಡ್ಬೇಕಾಗುತ್ತೆ. ನಿನ್ನ ಹೆಂಡತೀಗೆ ದಿನ ತುಂಬಿದೆ ಅಂತಾರಪ್ಪ, ಯೋಚನೆ ಮಾಡು.”

ಯೋಚನೆ ಮಾಡಲು ಏನಿತ್ತು? ಖೋಲಿ ಬಿಟ್ಟರೆ ಎಕಂಬಾ. ಎಕಂಬಾದಲ್ಲಿ ಬಾವಿಯ ದಾರಿಗೆ ಮುಳ್ಳು ಹಾಕಿದ್ದಾರೆ. ಮೆಹಕರದಲ್ಲಿ ಅತ್ತೆ ಮನೆಯವರದೂ ಅದೇ ಗತಿ.

ಅರ್ಜಿ ಬರೆಸಿಕೊಟ್ಟ, ಗುಂಡಿಯ ಕೆಲಸವನ್ನು ಇಂದು ನಾಳೆ ಎಂದು ದೂಡಿದ. ಆಮೇಲೆ ಒಂದು ರವಿವಾರ ಯಾರಿಗೂ ಹೇಳದೆ ರೈಲು ಹತ್ತಿ ಭಾಲ್ಕಿಗೆ ಹೋದ. ಸ್ಟೇಷನ್ನಿನ ಬದಿಗೆ ಒಂದು ಬೇಳೆ ಮಿಲ್ಲಿಗೆ ಮೋಟಾರು ನೋಡುವವನು ಬೇಕೆಂದು ಸುದ್ದಿಯಿತ್ತು. ಸೇಠ ಇವನನ್ನು ಮೋಟಾರಿನ ಮುಂದೆ ನಿಲ್ಲಿಸಿದ. ಇವನು ಪಟ್ಟಿಯ ಬಿಗಿ ನೋಡಿ, ಧೂಳು ಊದಿ, ಒಂದು ಸ್ಕ್ರೂ ತಿರುವಿದ. ಸೇಠ ಮೆಚ್ಚಿದ. ಚಹಾ ತರಿಸಿದ. ಆಮೇಲೆ ಬೀದರದಲ್ಲಿ ನೀನು ಯಾವ ಕೆಲಸದ ಮೇಲಿದ್ದೀ ಎಂದು ಕೇಳಿದ. ನರಸಿಂಗ ಮಿಸ್ತ್ರಿ ಎನ್ನುವಷ್ಟರಲ್ಲಿ, ಮಿಲ್ಲಿನ ಗುಮಾಸ್ತ, ದವಾಖಾನೆಯ ಕಡೆ ಓಡಾಡುವವನು, ಮಧ್ಯೆ ಬಾಯಿ ಹಾಕಿದ: “ಇಲ್ರಿ ಸೇಠಜಿ, ಇವಂದು ಝಾಡಮಾಳಿ ಅಂತ ಆಗ್ಯಾದ, ಕೇಳೀನಿ.”

ಸೇಠ ಗಲ್ಲ ಕೆರೆದುಕೊಂಡ. “ಝಾಡಮಾಳಿ? ನನ್ನ ಮಿಲ್ಲಿನಾಗ ಒಂದು ತುಳಸಿ ಗಿಡಾನೂ ಇಲ್ಲಲ್ಲಪಾ. ಮಾಳಿ ತಗೊಂಡು ಏನ್ ಮಾಡ್ಲಿ? ಮೋಟಾರಿನವ ಬೇಕಾಗ್ಯಾನ ನನಗ.”

ನರಸಿಂಗನ ನಾಲಿಗೆಯ ತುದಿಗೆ ಎರಡು ಮಾತು ಬಂದು ನಿಂತವು. ಮಾಳಿ ಅಲ್ಲ ಎಂದರೆ, ಹಾಗಾದರೆ ಏನು ಎಂಬ ಪ್ರಶ್ನೆ ಬರುತ್ತದೆ. ಅದರ ಉತ್ತರ ಕೇಳಿದ ಮೇಲೆ ಬೇಳೆ ಮಿಲ್ಲಿನವನು ಇವನು ಕುಡಿದ ಕಪ್ಪನ್ನೂ ಒಡೆಸುತ್ತಾನೆ. ಮಾಳಿ ಹೌದು ಎಂದರೆ ಮಾಳಿಗೆ ಇಲ್ಲಿ ಕೆಲಸವಿಲ್ಲ. ಆ ಶಬ್ದ ಒಳಗಿನಿಂದಲೂ ಚಿಲಕ ಹಾಕಿತ್ತು, ಹೊರಗಿನಿಂದಲೂ ಹಾಕಿತ್ತು. ಇವನು ಚಹಾ ಮುಗಿಸಿ, ಮಾಳಿಯ ಮರ್ಯಾದೆಯಲ್ಲೇ ಎದ್ದು ಬಂದ. ಬರುವಾಗ ರೈಲಿನಲ್ಲಿ ಬೋಗಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಇಳಿಯಬೇಕಾದ ಊರು ಬಂದರೂ ಎದ್ದೇಳಲು ಮನಸ್ಸಾಗಲಿಲ್ಲ.

ಮರುದಿನ ಶ್ರೀಕಂಠಯ್ಯ ಕರೆಸಿ, ತಮ್ಮ ಪ್ರಕಾರ ಉಪಕಾರವನ್ನೇ ಮಾಡಿದರು. “ನಿಂಗೆ ಕೈ ಹಾಕೋಕೆ ಆಗಲ್ಲ ತಾನೆ? ಹಾಕ್ಬೇಡ. ನಿನ್ನ ಆ ಯಂತ್ರ ನೀರೆಲ್ಲ ಎಳೆಯುತ್ತಲ್ಲ, ಅದನ್ನೇ ಗುಂಡಿಗೆ ಬಿಡು. ನಿನ್ನ ಮಾತೂ ನಡೆದ ಹಾಗಾಯ್ತು, ನನ್ನ ಕೆಲಸವೂ ಆಯ್ತು.”

ಇದೊಂದು ಹೊಸ ಗೋಡೆ. ಗುಂಡಿಗೆ ಬಾಯಿ ಹಾಕಿದ ಪೈಪನ್ನು ಆಮೇಲೆ ಬಾಣಂತಿಯರ ವಾರ್ಡಿಗೆ ತರುವುದು ಹೇಗೆ? ತಂದರೂ ಜನ ಬಿಡುತ್ತಾರೆಯೇ? ಯಂತ್ರ ಒಮ್ಮೆ ಆ ಹೊಸ್ತಿಲು ದಾಟಿ ಹೊರಬಿತ್ತೆಂದರೆ ಜೊತೆಗೆ ಇವನೂ ಹೊರಬಿದ್ದಂತೆ. ಮಿಸ್ತ್ರಿ ಎನ್ನಲು ಉಳಿದಿದ್ದ ಒಂದೇ ಸಾಕ್ಷಿ ಅದು. ನರಸಿಂಗನ ಬಾಯಿಂದ ತಟ್ಟನೆ ಬಂತು: “ಮಿಶಿನ ಕೆಟ್ಟದರಿ ಸಾಹೇಬ್ರ.”

“ಸರಿ ಮಾಡು.”

“ರಿಪೇರಿ ನಡದದರಿ.”

ಆ ದಿನದಿಂದ ಸುಳ್ಳು ರಿಪೇರಿ ಶುರುವಾಯಿತು. ಮೋಟಾರಿನ ಇದ್ದಿಲು ತುಂಡುಗಳನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡ. ದಿನಾ ಬೆಳಿಗ್ಗೆ ವರಾಂಡದಲ್ಲಿ ಗೋಣಿತಟ್ಟು ಹಾಸಿ, ಯಂತ್ರವನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಸಾಲಾಗಿ ಇಡುತ್ತಿದ್ದ. ಬಾಯಿ ತೊಳೆದ. ಗಂಟಲು ನೋಡಿದ. ಸೈಕಲ್ ಟ್ಯೂಬಿನ ಬಳೆಯನ್ನು ಕಿತ್ತು ಮತ್ತೆ ಕೂರಿಸಿದ. ಬೆಂಡಿನ ಚೆಂಡನ್ನು ಉಜ್ಜಿ ಉಜ್ಜಿ ಮುತ್ತು ಮಾಡಿದ. ಸಂಜೆಗೆ ಎಲ್ಲ ಜೋಡಿಸುತ್ತಿದ್ದ, ಇದ್ದಿಲೊಂದನ್ನು ಬಿಟ್ಟು. 'ಕೆಟ್ಟದ್ದು ತಿಳಿಯುವುದು ವಿದ್ಯೆ. ಕೆಡದೇ ಇದ್ದದ್ದನ್ನು ಕೆಟ್ಟಂತೆ ಇಡುವುದು ಜೈಲು' ಎಂದು ಅವನಿಗೆ ಅನಿಸಿತು. ಯಂತ್ರ ಬಿಚ್ಚಿರುವಷ್ಟು ಹೊತ್ತು ಮಾತ್ರ ಅವನು ಮಿಸ್ತ್ರಿ. ಅದು ಎದ್ದಿತೋ, ಅವನು ಬಿದ್ದ.

ಗುಂಡಿ ಕಾಯುತ್ತದೆಯೇ? ಶ್ರೀಕಂಠಯ್ಯ ದಿನಗೂಲಿಯ ಮೇಲೆ ಒಬ್ಬ ಹೆಂಗಸನ್ನು ತಂದರು. ಗಿರಿಜಾಬಾಯಿ, ಔರಾದ ಕಡೆಯ ವಿಧವೆ, ನಡುವಯಸ್ಸು ದಾಟಿದವಳು. ಸೀರೆಯನ್ನು ಕಚ್ಚೆ ಕಟ್ಟಿ, ತಗಡಿನ ಬಾಲ್ದಿ ಹಿಡಿದು ಸೊಂಟದಾಳದ ಗುಂಡಿಗೆ ಇಳಿಯುತ್ತಿದ್ದಳು. ಮೊಣಕೈವರೆಗೂ ಮುಳುಗಿಸಿ ತುಂಬುತ್ತಿದ್ದಳು. ಮೇಲೆ ಬಂದು ಬೂದಿ ಹಚ್ಚಿ ಕೈ ತೊಳೆದು, ವರಾಂಡದ ಕೆಳಗೆ ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ರಿಪೇರಿ ನೋಡುತ್ತಿದ್ದಳು. ಆಗ ದವಾಖಾನೆಯಲ್ಲಿ ನರಸಿಂಗನನ್ನು ಹಳೆಯ ಹೆಸರಿನಿಂದ ಕರೆಯುವವಳು ಅವಳೊಬ್ಬಳೇ.

“ಮಿಸ್ತ್ರಿ, ನಿನ್ನ ಮಿಶಿನಿಗಿ ಏನಾಗ್ಯಾದೋ?”

“ತಲಿ ಕೆಟ್ಟದ, ಅಕ್ಕ.”

“ನಂದೂ ಕೆಟ್ಟದ. ನನ್ನ ತಲಿ ಯಾರೂ ಬಿಚ್ಚಿ ಉಜ್ಜಲ್ಲ ನೋಡು.” ಹಲ್ಲು ಬಿಟ್ಟು ನಕ್ಕಳು. “ಅದು ಎದ್ರ ಈ ಗುಂಡೀದೂ ಕುಡೀತದಂತ, ಕಾಶೀರಾಮ ಹೇಳ್ಯಾನ. ಖರೇ ಏನು?”

ನರಸಿಂಗ ಚೆಂಡನ್ನು ಉಜ್ಜುತ್ತಲೇ ಇದ್ದ.

“ನನ್ನ ಉಗುರಿನ ಬುಡಕ್ಕ ಹುಳ ಬಿದ್ದಂಗ ಆಗ್ಯಾದ ತಮ್ಮಾ. ಉಣ್ಣೋವಾಗ ಎಡಗೈಲೆ ಉಣ್ತೇನಿ, ಎಡಗೈನೂ ಅಷ್ಟೇ ಆಗ್ಯಾದ. ಜಲ್ದಿ ಮಾಡು ಅಂತ ಅಲ್ಲ. ಕೇಳಿದ್ನಿ, ಅಷ್ಟೇ.”

ಅದೇ ವಾರ ಶಾಲುಬಾಯಿ ಹೆತ್ತಳು, ಹೆಣ್ಣು ಕೂಸು. ವಾರ್ಡಿನ ಫರಸಿ ತುಂಬ ನೀರು. ಶಾಲುಬಾಯಿ ಗೋಡೆ ಹಿಡಿದು ನಡೆಯುವಾಗ ಕಾಲು ಜಾರಿತು. ಸಲೋಮಿ ಹಿಡಿದುಕೊಂಡಳು, ಇಲ್ಲದಿದ್ದರೆ ಕೂಸೂ ಕೆಳಗೆ. ಸಲೋಮಿ ನೇರ ವರಾಂಡಕ್ಕೆ ಬಂದಳು.

“ನರಸಿಂಗಣ್ಣ, ಮಿಶಿನಿಗಿ ಜಡ್ಡಿಲ್ಲ. ನಿನಗ ಅದ. ನಾ ನರ್ಸ್ ಅದೀನಿ, ಜಡ್ಡು ಯಾರದು ಅಂತ ನನಗ ತಿಳೀತದ.”

“ಎದ್ದು ನಿಂತ್ರ ಗುಂಡಿಗಿ ಒಯ್ತಾರ, ಸಿಸ್ಟರ.”

“ಗೊತ್ತದ. ನಮ್ಮ ಮುತ್ಯಾನ ಕೈಯಾಗೂ ಸಂಡಾಸ ಗುಡಿಸೋ ಬಾರಿಗಿ ಇತ್ತು. ಸಾಲಿ ಸಿಕ್ತು, ಏಸು ಸಿಕ್ಕ, ಬಾರಿಗಿ ಕೆಳಗಿಟ್ಟ. ಖರೆ ಅಂವ ಕೆಳಗಿಟ್ಟ ಬಾರಿಗಿ ಮತ್ಯಾರೋ ಎತ್ಕೊಂಡಾರಲ್ಲ?” ಅವಳು ಹಿತ್ತಲ ಗುಂಡಿಯ ಕಡೆ ಕೈ ಮಾಡಲಿಲ್ಲ. ಮಾಡುವ ಅಗತ್ಯವಿರಲಿಲ್ಲ.

ನರಸಿಂಗ ಆ ದಿನ ಉಣ್ಣಲಿಲ್ಲ. ಸರ್ಕಾರದ ಮೇಲೆ ಸಿಟ್ಟು ಮಾಡುವುದು ಸುಲಭ, ಸರ್ಕಾರ ದೂರ ಇರುತ್ತದೆ. ಪಾಟೀಲನ ಮೇಲೆ, ಸೇಠನ ಮೇಲೆ, ಕಾಶೀರಾಮನ ಮೇಲೆ ಸಿಟ್ಟು ಮಾಡಿ ಮಾಡಿ ಅವನ ಹೊಟ್ಟೆ ಗಟ್ಟಿಯಾಗಿತ್ತು. ಆದರೆ ಗುಂಡಿಯಲ್ಲಿದ್ದ ಕೈ ಅವರ್‍ಯಾರದ್ದೂ ಆಗಿರಲಿಲ್ಲ. ತಾನು ಮುಟ್ಟುವುದಿಲ್ಲ ಎಂದು ಹಿಡಿದ ಹಠದ ಕೆಳಗೆ ಒಬ್ಬ ಮುದುಕಿಯ ಕೈ ಮುಳುಗಿತ್ತು. ಪ್ರತಿಜ್ಞೆಯಲ್ಲಿ ಹಾಗೆಂದು ಹೇಳಿರಲಿಲ್ಲ.

ಅವನು ಇದ್ದಿಲು ತುಂಡುಗಳನ್ನು ಅವುಗಳ ಜಾಗಕ್ಕೆ ಕೂರಿಸಿದ. ಬರೀ ಕೂರಿಸಿ ಸುಮ್ಮನಾಗಲಿಲ್ಲ. ಗುಂಡಿಯ ಗಟ್ಟಿ ಹೊಲಸು ಈ ಡ್ರಮ್ಮಿಗೆ ಬಂದರೆ ಚೆಂಡು ಅಂಟಿಕೊಂಡು ಮೋಟಾರು ಅರ್ಧ ದಿನ ಬಾಳುವುದಿಲ್ಲ. ಡಾಂಬರಿನ ಖಾಲಿ ಡ್ರಮ್ಮೊಂದನ್ನು ತಂದು ಮುಚ್ಚಳ ಬಿಗಿ ಮಾಡಿ, ಎರಡು ತೂತು ಕೊರೆದ. ಒಂದರಿಂದ ಗುಂಡಿಗೆ ಪೈಪು, ಇನ್ನೊಂದರಿಂದ ಯಂತ್ರಕ್ಕೆ ಪೈಪು. ಹೊಲಸೆಲ್ಲ ಡಾಂಬರು ಡ್ರಮ್ಮಿನಲ್ಲೇ ಬೀಳಬೇಕು, ಯಂತ್ರಕ್ಕೆ ಗಾಳಿ ಮಾತ್ರ ಹೋಗಬೇಕು. ಹಾಗಾದರೆ ಯಂತ್ರ ಶುದ್ಧವಾಗಿ ಉಳಿದು ವಾರ್ಡಿಗೂ ಬರಬಹುದು ಎಂದು ಅವನ ಆಸೆ.

ಯಂತ್ರ ಎದ್ದ ದಿನ ಅರ್ಧ ದವಾಖಾನೆ ಮೂಗಿಗೆ ಬಟ್ಟೆ ಹಿಡಿದು ನೋಡಲು ಬಂತು. ಮೋಟಾರು ಮೊರೆಯಿತು. ಪೈಪು ಒಮ್ಮೆ ನಡುಗಿ, ಗುಟುಕು ಗುಟುಕಾಗಿ ಎಳೆಯಿತು. ಗುಂಡಿಯ ಮಟ್ಟ ಕಣ್ಣೆದುರಿಗೇ ಇಳಿಯಿತು. ಗಿರಿಜಾಬಾಯಿ ಬಾಲ್ದಿ ಹಿಡಿದುಕೊಂಡೇ ಬಾಯಿ ತೆರೆದು ನೋಡಿದಳು. ಯಂತ್ರದ ಸ್ವಂತ ಡ್ರಮ್ಮನ್ನು ತೆರೆದಾಗ ಅದರ ತಳದಲ್ಲಿ ಒಂದು ಹನಿಯೂ ಇರಲಿಲ್ಲ.

ಶ್ರೀಕಂಠಯ್ಯ ನರಸಿಂಗನ ಹತ್ತಿರ ಬಂದರು, ಆದರೆ ಮೊದಲಿನಷ್ಟು ಹತ್ತಿರ ಅಲ್ಲ. “ಭೇಷ್ ಕಣಪ್ಪ. ಇಂಥ ಜಾಡಮಾಲಿ ಇಡೀ ಮೈಸೂರು ರಾಜ್ಯದಲ್ಲಿ ಇನ್ನೊಬ್ಬ ಇರಲಾರ. ನಿನ್ನ ಅರ್ಜಿ ಇನ್ನೂ ನನ್ನ ಹತ್ರಾನೇ ಇದೆ. ಕಳಿಸೋಣ ಅಂತಿದ್ದೆ. ಈಗ ನೀನೇ ಹೇಳು, ಇಷ್ಟು ಚೆನ್ನಾಗಿ ಕೆಲಸ ಮಾಡೋನನ್ನ ಬಿಟ್ಟುಕೊಟ್ಟು ನಾನೇನು ಮಾಡಲಿ?”

ಹೊಗಳಿಕೆಯಿಂದ ಬೀಗ ಹಾಕುವುದನ್ನು ನರಸಿಂಗ ಅಂದು ಮೊದಲ ಸಲ ಕಂಡ.

ಯಂತ್ರವನ್ನು ತೊಳೆದು, ಹೊಸ ಪೈಪು ಹಾಕಿ ವಾರ್ಡಿನ ಬಾಗಿಲಿಗೆ ಒಯ್ದಾಗ ರೋಗಿಗಳ ಮನೆಯವರು ಅಡ್ಡ ನಿಂತರು. ಸಂಡಾಸದ್ದು ಒಳಗೆ ಬೇಡ ಎಂದರು. ಒಳಗೆ ಹೊಲಸು ಹೋಗೇ ಇಲ್ಲ ಎಂದು ಸಲೋಮಿ ಡ್ರಮ್ಮಿನೊಳಗೆ ಕೈ ಹಾಕಿ ತೋರಿಸಿದಳು. ಅವರು ಡ್ರಮ್ಮನ್ನು ನೋಡಲಿಲ್ಲ, ನರಸಿಂಗನನ್ನು ನೋಡಿದರು. ಯಂತ್ರಕ್ಕೂ ಈಗ ಜಾತಿ ಬಂದಿತ್ತು. ಅದು ತಿರುಗಿ ಹಿತ್ತಲಿಗೆ ಹೋಯಿತು.

ಅಲ್ಲಿ ಗಿರಿಜಾಬಾಯಿ ಬಾಲ್ದಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

“ನಾಳಿಂದ ಬರಬ್ಯಾಡ ಅಂದ್ರು ಸಾಹೇಬ್ರು. ಮಿಶಿನ ಅದಲ್ಲ.” ಅವಳು ತನ್ನ ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. “ಕೈ ಉಳಿಸ್ದಿ, ಹೊಟ್ಟಿ ಕಳದಿ. ಎಂಥಾ ಮಿಸ್ತ್ರಿಯೋ ನೀ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನರಸಿಂಗನಿಗೆ ತಡೆಯಲಾಗಲಿಲ್ಲ. ಅವನು ಯಂತ್ರವನ್ನು ಅಲ್ಲೇ ಬಿಟ್ಟು ಶ್ರೀಕಂಠಯ್ಯನವರ ಮೇಜಿನ ಮುಂದೆ ಹೋಗಿ ನಿಂತ.

“ಸಾಹೇಬ್ರ, ಈ ಮಿಶಿನಿಗಿ ಇಬ್ರು ಬೇಕ್ರಿ. ಪೈಪು ಹಿಡದವನ ಕೈ ಹಸಿ ಇರ್ತಾವ. ಹಸಿ ಕೈಲೆ ಕರೆಂಟಿನ ಬಟನ್ನ ಮುಟ್ಟಿದ್ರ ಸಾಯ್ತಾನ. ಬಟನ್ನಿನ ಹತ್ರ ಒಣಗಿದ ಕೈದವರು ಒಬ್ರು ನಿಂದರಬೇಕು. ಇಲ್ಲಂದ್ರ ನಾ ಚಾಲೂ ಮಾಡಂಗಿಲ್ರಿ.”

“ಇದುವರೆಗೆ ಒಬ್ಬನೇ ಮಾಡ್ತಿದ್ದೆಯಲ್ಲಪ್ಪ?”

“ಲಾಲ ಅಹ್ಮದ ಮಿಸ್ತ್ರಿ ಇದ್ದಾಗ ಇಬ್ರು ಇದ್ದಿವ್ರಿ. ಆಮ್ಯಾಲ ಒಬ್ನೇ ಇದ್ದೆ. ಅದು ತಪ್ಪು ಇತ್ತರಿ.”

ಸಾಯುತ್ತಾನೆ ಎಂಬ ಶಬ್ದ ಕಚೇರಿಗಳಿಗೆ ತಟ್ಟನೆ ಅರ್ಥವಾಗುತ್ತದೆ. ಆಮೇಲಿನ ವಿಚಾರಣೆ ಅವರಿಗೆ ಬೇಡ. ಶ್ರೀಕಂಠಯ್ಯ ಒಪ್ಪಿದರು, ಗಿರಿಜಾಬಾಯಿಯ ದಿನಗೂಲಿ ಉಳಿಯಿತು.

ಮರುದಿನ ಬೆಳಿಗ್ಗೆ ನರಸಿಂಗ ಗಿರಿಜಾಬಾಯಿಯನ್ನು ಗೋಡೆಯ ಕರೆಂಟಿನ ಪೆಟ್ಟಿಗೆಯ ಬಳಿ ಒಂದು ಮರದ ಹಲಗೆಯ ಮೇಲೆ ನಿಲ್ಲಿಸಿದ. ಅವಳಿಗೆ ಹೆದರಿಕೆ.

“ಪೈಪು ಕೊಡು ನನಗ. ಹೊಲಸು ನನಗ ರೂಢಿ ಅದ. ನೀ ಕಲ್ತವ ಅದಿ, ಇಲ್ಲಿ ನಿಂದ್ರು.”

“ಇಲ್ಲ ಅಕ್ಕ. ನೀ ಕೈ ಒರಸ್ಕೋ.”

“ನಿನಗ ಮಿಸ್ತ್ರಿ ಅನ್ಲಿ ಅಂತ ಇಷ್ಟು ಬಡದಾಡ್ದಿ. ಈಗ ನನ್ನ ಬಟನ್ನಿನ ಹತ್ರ ನಿಲ್ಲಿಸಿ ನೀ ಸಂಡಾಸಕ್ಕ ಹೊಂಟಿ. ಹುಚ್ಚ ಹಿಡದದೇನು?”

“ಕೇಳ್ಕೋ. ಮಿಶಿನ ದಪ್ಪ ದನಿಲೆ ಅನ್ನೋ ತನಕ ನಡೀಲಿ. ದನಿ ಸಣ್ಣಾಗಿ ಚೀರ್ಲಾಕತ್ತಿತು ಅಂದ್ರ ಡ್ರಮ್ಮ ತುಂಬಿ ಉಸಿರು ಕಟ್ಟೇದ ಅಂತ. ಕೂಡ್ಲೇ ಬಂದ್ ಮಾಡು. ನನ್ನ ಕೇಳಬ್ಯಾಡ. ನಾ ಹೇಳೋ ತನಕ ಕಾದ್ರ ಮೋಟಾರು ಸುಡ್ತದ.”

ಅವಳು ಸೆರಗಿಗೆ ಕೈ ಒರೆಸಿದಳು. ಒಂದು ಸಲ ಒರೆಸಿ ನೋಡಿ, ಮತ್ತೆ ಒರೆಸಿದಳು. ಆಮೇಲೆ ಬೆರಳ ತುದಿಯಿಂದ ಬಟನ್ನು ಒತ್ತಿದಳು. ನರಸಿಂಗ ಮೂಗಿಗೆ ಬಟ್ಟೆ ಕಟ್ಟಿ, ಪೈಪಿನ ಬಾಯನ್ನು ಗುಂಡಿಗೆ ಇಳಿಸಿ, ಹಿಂದಕ್ಕೆ ನೋಡದೆ ಹಿಡಿದು ನಿಂತ. ಕಾಶೀರಾಮ ದೂರದಿಂದ ಏನೋ ಅಂದ, ಮೊರೆತದಲ್ಲಿ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ದನಿ ಸಣ್ಣಾಯಿತು. ನರಸಿಂಗ ತಿರುಗಿ ಕೂಗಬೇಕೆಂದು ಬಾಯಿಯ ಬಟ್ಟೆ ಸರಿಸುವಷ್ಟರಲ್ಲಿ ಯಂತ್ರ ನಿಂತಿತ್ತು. ಗಿರಿಜಾಬಾಯಿ ಹಲಗೆಯ ಮೇಲಿಂದ, ಒಣಗಿದ ಕೈಯನ್ನು ಸೊಂಟಕ್ಕಿಟ್ಟು, ಅವನ ಕಡೆ ನೋಡುತ್ತಿದ್ದಳು.

“ಯಾಕ ನಿಂತಿ? ಡ್ರಮ್ಮ ತುಂಬ್ಯಾದ. ಖಾಲಿ ಮಾಡ್ಕೊಂಡು ಬಾ.”

ನರಸಿಂಗ ಡಾಂಬರು ಡ್ರಮ್ಮಿನ ಕಿವಿ ಹಿಡಿದು ಎಳೆದುಕೊಂಡು ಹೊರಟ.